ಹಸಿರು ನೂಲಿನವನು

ಫೋನು ಎತ್ತಿದರೆ ಇವತ್ತಿಗೂ ಅವಳು ಹೆಸರು ಕೇಳುವುದಿಲ್ಲ.
"ಯಾವ ನೂಲು?" ಅಂತಾಳೆ.
"ಹಸಿರು" ಅನ್ನುತ್ತೇನೆ.
ಅಷ್ಟಾದರೆ ಸಾಕು, ಎಸ್ಟ್ರೆಲಾ ಬೆಟ್ಟದ ಆ ಅಡುಗೆಮನೆಯಲ್ಲಿ
ಒಲೆ ಮೇಲಿನದನ್ನು ಇಳಿಸಿದ ಸದ್ದು,
ಕುರ್ಚಿ ಎಳೆದ ಸದ್ದು,
"ಹೇಳು, ಹೇಗಿದ್ದಾನೆ ನನ್ನ ಹಸಿರು?"

ಏಳು ನಾಯಿಮರಿ, ಕೊರಳಿಗೆ ಏಳು ಬಣ್ಣದ ಉಣ್ಣೆನೂಲು.
ಇಲ್ಲದಿದ್ದರೆ ಕತ್ತಲಲ್ಲಿ ಯಾವುದು ಕುಡಿಯಿತು, ಯಾವುದು ಇಲ್ಲ
ಅಂತ ಯಾರಿಗೆ ಗೊತ್ತಾಗಬೇಕು.
ಕುರಿಹಾಲಿನ ಚೀಸ್ ತೂಗುವ ತಕ್ಕಡಿಯಲ್ಲೇ
ದಿನಾ ಬೆಳಿಗ್ಗೆ ಅವನ್ನೂ ತೂಗುತ್ತಿದ್ದಳು ಡಿಯೊಲಿಂಡಾ.
ನಾನು ಹೋದ ದಿನ ದುಡ್ಡು ಆಮೇಲೆ, ಮೊದಲು ನನ್ನನ್ನು ಎಣಿಸಿದಳು:
ಮನೆಗೆ ಮೆಟ್ಟಿಲೆಷ್ಟು? ರಾತ್ರಿಪಾಳಿ ಇದೆಯೇ?
ಹೆಂಡತಿ ಒಪ್ಪಿದ್ದೋ, ಒಪ್ಪಿಸಿದ್ದೋ?
ಸೆತೂಬಲ್‌ನಲ್ಲಿ ಬಸ್ಸು ಓಡಿಸುವವನಿಗೆ
ಕುರಿ ಕಾಯುವ ನಾಯಿ ಯಾತಕ್ಕೆ?

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಕೊಟ್ಟಳು ಕೊನೆಗೆ. ಜೊತೆಗೆ ತಾಯಿಯ ಹಾಸಿಗೆಯಿಂದ ಹರಿದ ತುಂಡು ಬಟ್ಟೆ,
ಎರಡು ಹಿಡಿ ತಿನಿಸು, ಒಂದು ಕರಾರು:
"ವರ್ಷಕ್ಕೊಂದು ಸಲ ಬರಿ. ಸಾಕಲಾಗದಿದ್ದರೆ
ಬೀದಿಗಲ್ಲ, ನೆಂಟರಿಗಲ್ಲ, ಇಲ್ಲಿಗೆ ತಾ.
ನಡುರಾತ್ರಿಯಾದರೂ ಸರಿ. ಬೈಯುವುದಿಲ್ಲ.
ಬೈದರೂ, ಬಾಗಿಲು ತೆಗೆದೇ ಬೈಯುತ್ತೇನೆ."

ವರ್ಷಕ್ಕೊಂದು ಸಲವೆ!
ಮೊದಲ ವಾರವೇ ನಾಲ್ಕು ಸಲ ಫೋನು ಮಾಡಿದೆ.
ಅಳುತ್ತಾನೆ ಅಂದರೆ, ಬಟ್ಟೆ ಹತ್ತಿರ ಇಡು ಅಂದಳು.
ಚಪ್ಪಲಿ ತಿಂದ ಅಂದರೆ, ಎಡಗಾಲಿನದಾ?
ಇವನಜ್ಜನೂ ಎಡಗಾಲಿನದನ್ನೇ ತಿನ್ನುತ್ತಿದ್ದ.
ನಾವಿಟ್ಟ ಹೆಸರು ಫರೋಲ್, ದೀಪಸ್ತಂಭ ಅಂತ.
"ಚೆನ್ನಾಗಿದೆ" ಅಂದವಳು ಅದೇ ಉಸಿರಿನಲ್ಲಿ
"ಹಸಿರಿಗೆ ಜಂತಿನ ಔಷಧಿ ಹಾಕಿದೆಯಾ?"

ಮೂರನೇ ವರ್ಷ, ಮೇ ತಿಂಗಳ ಒಂದು ಭಾನುವಾರ
ಐದು ಮನೆಯವರು ಅವಳ ಅಂಗಳದಲ್ಲಿ ಸೇರಿದೆವು.
ಎವೊರಾದ ಝುಲ್ಮೀರಾ ನೀಲಿಯನ್ನು ತಂದಿದ್ದಳು,
ಗ್ವಾರ್ದಾದ ಹಲ್ಲಿನ ಡಾಕ್ಟರು ಹಳದಿಯನ್ನು.
ಒಡಹುಟ್ಟಿದವರು ಒಬ್ಬರನ್ನೊಬ್ಬರು ಮೂಸಿ
ಬೇರೆ ಬೇರೆ ನೆರಳು ಹುಡುಕಿಕೊಂಡು ಮಲಗಿದರು.
ತಾಯಿ ನನ್ನವನ ಬಳಿ ಬಂದಳು, ಮೂಸಿದಳು,
ಹಲ್ಲು ಕಿರಿದಳು.
ನನ್ನ ಮುಖ ನೋಡಿ ಡಿಯೊಲಿಂಡಾ ಬ್ರೆಡ್ಡು ಕೊಯ್ಯುತ್ತಲೇ ನಕ್ಕಳು:
"ಅವಳು ಮರೆತಳು. ಮರೆಯದೆ ಏನು ಮಾಡಿಯಾಳು, ಮುಂದಿನ ಬಸಿರಿದೆ.
ನೆನಪಿಡುವ ಕೂಲಿ ನನ್ನದು."

ಮೊನ್ನೆ ಮಂಗಳವಾರ ಫೋನು ಮಾಡಿದೆ.
ಯಾವ ನೂಲು?
ಹಸಿರು.
ಕುರ್ಚಿ ಎಳೆದ ಸದ್ದು.
ನಾನು ಮಾತಾಡಲಿಲ್ಲ. ಅವಳೂ ಕೇಳಲಿಲ್ಲ.
ಹಾಳೆ ಮಗುಚುವುದು ಕೇಳಿಸಿತು, ಹಿಂದಕ್ಕೆ, ಬಹಳ ಹಿಂದಕ್ಕೆ.
ಆಮೇಲೆ ಓದಿದಳು, ಅಂಗಡಿಯ ಚೀಟಿ ಓದುವವಳ ಹಾಗೆ:
"ನವೆಂಬರ್ ಹತ್ತೊಂಬತ್ತು. ರಾತ್ರಿ ಎರಡೂ ಇಪ್ಪತ್ತು. ಮೂರನೆಯವನು.
ಐನೂರ ಹತ್ತು ಗ್ರಾಂ. ಉಸಿರಿಲ್ಲ.
ಟವೆಲಿನಲ್ಲಿ ಉಜ್ಜಿದೆ. ಉಜ್ಜಿದೆ.
ಎರಡೂ ಇಪ್ಪತ್ತಾರಕ್ಕೆ ಕೂಗಿದ."

ಹನ್ನೊಂದು ವರ್ಷ ಜೊತೆಗಿದ್ದೂ
ಆ ಆರು ನಿಮಿಷ ನನಗೆ ಗೊತ್ತಿರಲಿಲ್ಲ.
ನನ್ನ ಬಳಿಯೂ ಕೆಲವು ನಿಮಿಷಗಳಿದ್ದವು, ಹೇಳಿದೆ:
ಬೆಳಗಿನ ಜಾವ, ತಣ್ಣನೆಯ ನೆಲ,
ಡ್ಯೂಟಿಗೆಂದು ಹಾಕಿದ ಬೂಟಿನ ಮೇಲೆ ಅವನ ತಲೆ.
ಪೆನ್ನು ಗೀಚುವುದು ಕೇಳಿಸಿತು.
"ತೂಕ?"
"ಕೊನೆಗೆ ಮೂವತ್ತೆಂಟು ಕಿಲೋ."
ಅದನ್ನೂ ಬರೆದಳು.

ಇಡುವ ಮೊದಲು ಯಾಕೋ ಕೇಳಿದೆ, ಉಳಿದವರು?
ನೀಲಿ ಹೋದ ಚಳಿಗಾಲದಲ್ಲೇ ತೀರಿತು. ಹಳದಿಗೆ ಕಣ್ಣು ಮಂಜು.
ಬಿಳಿ ಈ ವಯಸ್ಸಿಗೂ ಬೇಲಿ ಹಾರುತ್ತದಂತೆ, ಮುಟ್ಠಾಳ.
ಕೆಂಪು?
"ಒಯ್ದವರು ಒಂದು ಸಾಲೂ ಬರೆಯಲಿಲ್ಲ.
ಎಂಟನೇ ವಾರದ ತೂಕ ಇದೆ, ಆಮೇಲೆ ಪುಟ ಖಾಲಿ.
ನನ್ನ ಪುಸ್ತಕದಲ್ಲಿ
ಅವನಿಗಿನ್ನೂ ಎಂಟೇ ವಾರ, ಕಸ್ಟೋಡಿಯು.
ರಾತ್ರಿ ಚಿಲಕ ಹಾಕುವಾಗ
ಒಮ್ಮೊಮ್ಮೆ ಕೈ ತಡೆಯುತ್ತದೆ."